ತೊರೆಯ ತಂಪಿನ ಚರಿತ್ರೆ

ನದಿಗಳ ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಪ್ರವಾಹ, ಅಣೆಕಟ್ಟು, ಕಾಲುವೆ, ಗಡಿಯ ವ್ಯಾಜ್ಯ ಇವೇ. ನೀರು ಎಷ್ಟು ಹರಿಯಿತು, ಯಾರ ಪಾಲಿಗೆ ಎಷ್ಟು ಸಂದಿತು ಎಂಬ ಲೆಕ್ಕವನ್ನು ಇಟ್ಟವರು ಎಲ್ಲ ದೇಶಗಳಲ್ಲಿಯೂ ಉಂಟು. ಆ ನೀರು ಎಷ್ಟು ತಣ್ಣಗಿತ್ತು, ಎಂದಿನಿಂದ ಬೆಚ್ಚಗಾಗತೊಡಗಿತು, ಯಾರ ಕೈಯಿಂದ ಬೆಚ್ಚಗಾಯಿತು ಎಂಬುದನ್ನು ಬರೆದಿಟ್ಟವರು ವಿರಳ. ಆದರೆ ನೀರಿನ ಉಷ್ಣತೆಗೂ ಒಂದು ಚರಿತ್ರೆಯುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಕರಾವಳಿಯಲ್ಲಿರುವ ಓರೆಗಾನ್ ಸಂಸ್ಥಾನದಲ್ಲಿ ಈ ಚರಿತ್ರೆಯು ಸುಮಾರು ಇನ್ನೂರು ವರ್ಷಗಳ ಉದ್ದಕ್ಕೂ ತಕ್ಕಮಟ್ಟಿಗೆ ಸ್ಪಷ್ಟವಾಗಿ ದೊರೆಯುತ್ತದೆ. ಕೆಡಿಸಿದವರೂ, ಅಳೆದವರೂ, ಸರಿಪಡಿಸಲು ಹೊರಟವರೂ ಬಹುಮಟ್ಟಿಗೆ ಒಂದೇ ಜನಾಂಗದವರಾದುದರಿಂದ ಅದು ಓದತಕ್ಕ ಚರಿತ್ರೆಯೂ ಆಗಿದೆ.

ಅಲ್ಲಿಯ ತೊರೆಗಳ ತಂಪಿಗೆ ಸಾಮನ್ ಎಂಬ ಮೀನಿನ ಪ್ರಾಣವು ಕಟ್ಟುಬಿದ್ದಿದೆ. ಈ ಮೀನು ಬೆಟ್ಟದ ಹಳ್ಳದಲ್ಲಿ ಹುಟ್ಟಿ, ಕಡಲಿಗೆ ಇಳಿದು ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ತಾನು ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ನೂರಾರು ಮೈಲಿ ಪ್ರವಾಹಕ್ಕೆ ಎದುರಾಗಿ ಏರಿ ಬರುವುದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುವುದು. ಸೆಂಟಿಗ್ರೇಡ್ ಮಾನದಲ್ಲಿ 10 ಡಿಗ್ರಿಯ ನೀರು ಲೀಟರಿಗೆ 11 ಮಿಲಿಗ್ರಾಮಿಗೆ ಮಿಕ್ಕು ಪ್ರಾಣವಾಯುವನ್ನು ಹಿಡಿದಿಟ್ಟುಕೊಂಡರೆ, 25 ಡಿಗ್ರಿಯ ನೀರು 8 ಮಿಲಿಗ್ರಾಮಿಗೆ ತುಸು ಹೆಚ್ಚು ಮಾತ್ರ ಹಿಡಿಯಬಲ್ಲುದು. ಅದೇ ಸಮಯದಲ್ಲಿ ಮೀನಿನ ಒಡಲಿಗೆ ಬೇಕಾದ ಪ್ರಾಣವಾಯು ಮಾತ್ರ ಏರುತ್ತ ಹೋಗುವುದು. ಆದಾಯ ಇಳಿದು ವೆಚ್ಚ ಏರಿದ ಸಂಸಾರದಂತೆ ಮೀನು ಸೊರಗುವುದು. ರೋಗಗಳೂ ಆಗಲೇ ಮೇಲೆ ಬೀಳುವುವು. ಆದಕಾರಣ ಓರೆಗಾನ್ ಸಂಸ್ಥಾನವು 2003 ರಲ್ಲಿ ಮಾಡಿದ ನಿಬಂಧನೆಯಲ್ಲಿ ಮರಿಗಳು ಬೆಳೆಯುವ ತೊರೆಗಳಿಗೆ ಸ್ಥಳಾನುಸಾರವಾಗಿ 18 ಅಥವಾ 16 ಡಿಗ್ರಿಯನ್ನೂ, ಮೊಟ್ಟೆಯಿಡುವ ಕಾಲಕ್ಕೆ 13 ಡಿಗ್ರಿಯನ್ನೂ ಮೇಲಿನ ಮಿತಿಯಾಗಿ ಗೊತ್ತುಮಾಡಿತು.

ಇದು ಮೀನಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ವಾಚಕರು ತಿಳಿಯಬಾರದು. 1855 ರಲ್ಲಿ ಅಲ್ಲಿಯ ಮೂಲನಿವಾಸಿಗಳು ತಮ್ಮ ಭೂಮಿಯ ಬಹುಭಾಗವನ್ನು ಅಮೆರಿಕಾ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ, ಹಿಂದಿನಿಂದ ಮೀನು ಹಿಡಿಯುತ್ತಿದ್ದ ಎಡೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಒಪ್ಪಂದಪತ್ರಗಳಲ್ಲಿ ಉಳಿಸಿಕೊಂಡಿದ್ದರು. ಹಕ್ಕು ಕಾಗದದ ಮೇಲೆ ಉಳಿದು ಮೀನು ನೀರಿನಲ್ಲಿ ಇಲ್ಲವಾದರೆ ಆ ಹಕ್ಕಿಗೆ ಬೆಲೆಯೇನು? 2015 ರ ಬೇಸಗೆಯಲ್ಲಿ ಕೊಲಂಬಿಯಾ ಮಹಾನದಿಗೆ ಸುಮಾರು ಐದು ಲಕ್ಷ ಸಾಕೈ ಜಾತಿಯ ಸಾಮನ್ ಮೀನುಗಳು ಕಡಲಿನಿಂದ ಏರಿ ಬಂದುವು. ಹೊಳೆಯು ಎಂದಿಗಿಂತ ಬಿಸಿಯಾಗಿದ್ದಿತು. ಅವುಗಳಲ್ಲಿ ಸುಮಾರು ಎರಡೂವರೆ ಲಕ್ಷ ಮೀನುಗಳು ಮೊಟ್ಟೆಯಿಡುವ ಠಾವನ್ನು ಮುಟ್ಟದೆ ನಡುದಾರಿಯಲ್ಲಿಯೇ ಸತ್ತುವು.

ಈ ಬಿಸಿಯ ಮೂಲವನ್ನು ಹುಡುಕುತ್ತ ಹೋದರೆ ನಾವು ಯೂರೋಪಿನ ಟೋಪಿಯಂಗಡಿಗಳವರೆಗೆ ಹೋಗಬೇಕಾಗುವುದು. ಬೀವರ್ ಎಂಬುದೊಂದು ಪ್ರಾಣಿಯುಂಟು. ಇದನ್ನು ನಮ್ಮ ನೀರುನಾಯಿಯೆಂದು ಭ್ರಮಿಸಬಾರದು; ಇದು ಇಲಿ ಅಳಿಲುಗಳ ಬಳಗಕ್ಕೆ ಸೇರಿದುದು, ತೊಗಟೆ ಸೊಪ್ಪುಗಳನ್ನು ತಿಂದು ಬದುಕುವಂಥದು. ಹಲ್ಲಿನಿಂದ ಮರವನ್ನು ಕಡಿದು, ಕೊಂಬೆ ಕೆಸರುಗಳನ್ನು ಒಟ್ಟಿ, ತೊರೆಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಕೊಂಡು ಅದರ ಹಿಂದಣ ಮಡುವಿನಲ್ಲಿ ಮನೆಮಾಡುವುದು. ಇದರ ತುಪ್ಪುಳಿನಿಂದ ಉತ್ತಮವಾದ ಟೋಪಿಗಳಾಗುತ್ತಿದ್ದುವು. 1820 ರ ದಶಕದಲ್ಲಿ ಹಡ್ಸನ್ಸ್ ಬೇ ಕಂಪೆನಿಯ ಅಧಿಕಾರಿಯಾಗಿದ್ದ ಜಾರ್ಜ್ ಸಿಂಪ್ಸನ್ ಎಂಬಾತನು ಒಂದು ವಿಚಿತ್ರವಾದ ರಾಜನೀತಿಯನ್ನು ಹೂಡಿದನು. ಕೊಲಂಬಿಯಾ ನದಿಯ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ಸೀಮೆಯಲ್ಲಿ ಬೀವರುಗಳನ್ನು ನಿಶ್ಶೇಷವಾಗಿ ಹಿಡಿದುಬಿಟ್ಟರೆ ಅಮೆರಿಕದ ಬೇಟೆಗಾರರು ಆ ದಾರಿಯಲ್ಲಿ ಬರಲಾರರು ಎಂಬುದೇ ಆ ನೀತಿ. ಪೀಟರ್ ಸ್ಕೀನ್ ಆಗ್ಡೆನ್ ಎಂಬುವನು 1824 ರಿಂದ 1830 ರವರೆಗೆ ತಂಡಗಳನ್ನು ಕಟ್ಟಿಕೊಂಡು ಹೋಗಿ ಇದನ್ನು ನಡೆಯಿಸಿದನು. ವೈರಿಯು ಬರುವ ದಾರಿಯಲ್ಲಿ ಕೆರೆ ಬಾವಿಗಳನ್ನು ಕೆಡಿಸುವ ಪದ್ಧತಿಯನ್ನು ನಮ್ಮ ಅರ್ಥಶಾಸ್ತ್ರಕಾರರೂ ಬಲ್ಲರು. ವ್ಯಾಪಾರದ ಪೈಪೋಟಿಗಾಗಿ ಒಂದು ಪ್ರಾಣಿಯ ವಂಶವನ್ನೇ ತೊಡೆದ ಪದ್ಧತಿ ಮಾತ್ರ ಹೊಸದು.

ಬೀವರು ಹೋದುದರಿಂದ ನೀರಿಗೇನಾಯಿತು? ಕಟ್ಟೆಗಳಿದ್ದಾಗ ತೊರೆಯು ದಡ ಮೀರಿ ಬಯಲಿನಲ್ಲಿ ಹರಡಿ, ಮಣ್ಣಿನೊಳಕ್ಕೆ ಇಂಗಿ, ನೆಲದಡಿಯ ತಂಪನ್ನು ಹೊತ್ತು ಕೆಳಗಡೆ ಮತ್ತೆ ತೊರೆಗೆ ಬಂದು ಸೇರುತ್ತಿದ್ದಿತು. ಕಟ್ಟೆಗಳು ಕೊಚ್ಚಿಹೋದ ಮೇಲೆ, ಅದರಲ್ಲಿಯೂ ದನಕುರಿಗಳು ಮೇದು ದಡದ ಹಸುರನ್ನು ಸವರಿದ ಮೇಲೆ, ನೀರು ನೇರವಾಗಿ ನುಗ್ಗಿ ತಳವನ್ನು ಕೊರೆಯಿತು. ಪೂರ್ವ ಓರೆಗಾನಿನ ಒಣಸೀಮೆಯಲ್ಲಿ ಅನೇಕ ಹಳ್ಳಗಳು ಆಳವಾದ ಕೊರಕಲುಗಳಾಗಿ ಬಯಲಿನ ಸಂಬಂಧವನ್ನು ಕಳೆದುಕೊಂಡುವು. ಮುಂದೆ ಜನಕ್ಕೆ ಬೀವರಿನ ಬೆಲೆ ತಿಳಿಯಿತು. 1948 ರಲ್ಲಿ ಪಕ್ಕದ ಐಡಾಹೋ ಸಂಸ್ಥಾನದವರು 76 ಬೀವರುಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಯುದ್ಧದಲ್ಲಿ ಉಳಿದ ಪ್ಯಾರಾಚೂಟುಗಳನ್ನು ಕಟ್ಟಿ, ವಿಮಾನದಿಂದ ಕಾಡಿನೊಳಕ್ಕೆ ಇಳಿಬಿಟ್ಟರು. ಒಂದು ಸತ್ತಿತು; ಉಳಿದುವು ಕ್ಷೇಮವಾಗಿ ನೆಲಮುಟ್ಟಿದುವು. ನೂರು ವರ್ಷಗಳ ಹಿಂದೆ ಕೊಡಲಿ ಬೋನುಗಳೊಡನೆ ಹೊಕ್ಕ ಕಾಡಿಗೆ ಮನುಷ್ಯನು ಹೀಗೆ ಆಕಾಶಮಾರ್ಗದಿಂದ ಕಪ್ಪವನ್ನು ಸಲ್ಲಿಸಿದನು.

ಪಶ್ಚಿಮದ ಮಳೆನಾಡಿನಲ್ಲಿ ಕೇಡು ಬೇರೆ ರೂಪದಿಂದ ಬಂದಿತು. ಮರದ ದಿಮ್ಮಿಗಳನ್ನು ಸಾಗಿಸಲು ದಾರಿಗಳಿರಲಿಲ್ಲವಾಗಿ, ತೊರೆಗೆ ತಾತ್ಕಾಲಿಕವಾದ ಮರದ ಒಡ್ಡನ್ನು ಕಟ್ಟಿ, ನೀರು ತುಂಬಿದ ಮೇಲೆ ಥಟ್ಟನೆ ತೆರೆದು, ಆ ಪ್ರವಾಹದಲ್ಲಿ ದಿಮ್ಮಿಗಳನ್ನು ತೇಲಿಬಿಡುತ್ತಿದ್ದರು. 1880 ರ ಸುಮಾರಿನಿಂದ 1957 ರವರೆಗೂ ಇದು ನಡೆಯಿತು. ಒಂದೊಂದು ಸಾರಿಯೂ ಆ ನೀರು ತೊರೆಯ ಜಲ್ಲಿಯನ್ನೆಲ್ಲ ಬಾಚಿಕೊಂಡು ಹೋಗಿ ಬರಿಯ ಬಂಡೆಯನ್ನು ಉಳಿಸಿತು. ಆಮೇಲೆ, ಮೀನುಗಾರಿಕೆಯ ಇಲಾಖೆಗಳವರೇ ಹಳ್ಳಗಳಲ್ಲಿ ಬಿದ್ದ ಮರಗಳು ಮೀನಿನ ದಾರಿಗೆ ಅಡ್ಡಿಯೆಂದು ಎಣಿಸಿ ಅವನ್ನು ಎಳೆದು ಹಾಕಿಸಿದರು. ತೊರೆಯನ್ನು ಶುಚಿಗೊಳಿಸುವುದೆಂದು ಅದಕ್ಕೆ ಹೆಸರು. ಜಲ್ಲಿ ಮರಗಳ ಸಿಕ್ಕಿನಲ್ಲಿ ನೀರು ತಡೆದು ಒಳಗೆ ಇಳಿಯುವುದರಿಂದಲೇ ತಂಪು ಉಳಿಯುವುದೆಂಬುದು ಆ ಕಾಲದಲ್ಲಿ ಹೆಚ್ಚು ಜನಕ್ಕೆ ತಿಳಿದಿರಲಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ವಸ್ತುಜ್ಞಾನವಿಲ್ಲದಿದ್ದರೆ ಹೀಗಾಗುವುದು.

ಇನ್ನು ಅಳೆದವರ ಮಾತು. ಓರೆಗಾನಿನ ಕರಾವಳಿಯ ಬೆಟ್ಟಗಳಲ್ಲಿ ಆಲ್ಸೀ ನದಿಗೆ ಸೇರುವ ಮೂರು ಪುಟ್ಟ ತೊರೆಗಳಿವೆ: ಫ್ಲಿನ್ ಕ್ರೀಕ್, ಡಿಯರ್ ಕ್ರೀಕ್, ನೀಡಲ್ ಬ್ರಾಂಚ್. ಕೊನೆಯದನ್ನು ಕನ್ನಡದಲ್ಲಿ ಸೂಜಿಗವಲು ಎನ್ನಬಹುದು. ಅದರ ನೀರು ಬರುವ ನೆಲವೆಲ್ಲ ಸೇರಿ ಒಂದು ಚದರ ಕಿಲೋಮೀಟರೂ ಇಲ್ಲ. 1950 ರ ದಶಕದ ಕೊನೆಯಲ್ಲಿ ಶಾಸ್ತ್ರಜ್ಞರು ಈ ಮೂರನ್ನೂ ಆರಿಸಿಕೊಂಡು, ಕಾಡು ಕಡಿಯುವುದಕ್ಕೆ ಮೊದಲೇ ಏಳು ವರ್ಷಗಳ ಕಾಲ ನೀರನ್ನೂ ಮೀನನ್ನೂ ಅಳೆದಿಟ್ಟರು. ಈ ತಾಳ್ಮೆಯನ್ನು ನಾನು ವಿಶೇಷವಾಗಿ ಮೆಚ್ಚುವೆನು. ಕೆಟ್ಟ ಮೇಲೆ ಅಳೆಯುವವರು ಎಲ್ಲೆಲ್ಲಿಯೂ ಸಿಕ್ಕುವರು. ಕೆಡುವ ಮುಂಚೆ ಏಳು ವರ್ಷ ಕುಳಿತು ಅಳೆಯುವವರು ಸಿಕ್ಕುವುದು ದುರ್ಲಭ. 1966 ರಲ್ಲಿ ಸೂಜಿಗವಲಿನ ಕಾಡನ್ನು ನೀರಿನ ಅಂಚಿನವರೆಗೂ ಕಡಿದು, ಉಳಿದ ಸೊಪ್ಪುಸದೆಯನ್ನು ಸುಟ್ಟರು. ಡಿಯರ್ ಕ್ರೀಕಿನಲ್ಲಿ ತುಂಡುತುಂಡಾಗಿ ಕಡಿದು, ದಡದ ಮರಗಳನ್ನು ಪಟ್ಟಿಯಾಗಿ ಉಳಿಸಿದರು. ಫ್ಲಿನ್ ಕ್ರೀಕನ್ನು ಮುಟ್ಟದೆ ಸಾಕ್ಷಿಗಾಗಿ ಇಟ್ಟುಕೊಂಡರು.

ಫಲವೇನೆಂಬುದನ್ನು ಜಾರ್ಜ್ ಬ್ರೌನ್, ಜೇಮ್ಸ್ ಕ್ರೈಗಿಯರ್ ಎಂಬಿಬ್ಬರು 1970 ರಲ್ಲಿ ಪ್ರಕಟಿಸಿದರು. ಕಡಿದ ಮರುವರ್ಷವೇ ಸೂಜಿಗವಲಿನಲ್ಲಿ ವರ್ಷದ ಅತ್ಯಧಿಕ ಉಷ್ಣತೆಯು ಫಾರೆನ್‌ಹೀಟ್ ಮಾನದ 57 ರಿಂದ 85 ಡಿಗ್ರಿಗೆ, ಎಂದರೆ ಸೆಂಟಿಗ್ರೇಡಿನ 14 ರಿಂದ 29 ಡಿಗ್ರಿಗೆ ಏರಿದ್ದಿತು. ಡಿಯರ್ ಕ್ರೀಕಿನಲ್ಲಿ, ಅದೇ ಬೆಟ್ಟದಲ್ಲಿ, ಅದೇ ಬಿಸಿಲಿನಲ್ಲಿ, ಕಡಿತದ ದೆಸೆಯಿಂದ ಆಯಿತೆನ್ನಬಹುದಾದ ಬದಲಾವಣೆಯೇ ಕಾಣಲಿಲ್ಲ. ನಡುವಣ ಭೇದವೆಂದರೆ ದಡದ ಮೇಲೆ ಬಿಟ್ಟ ಮರಗಳ ಪಟ್ಟಿ ಮಾತ್ರ. ಬ್ರೌನನು ಇದಕ್ಕೆ ಮೊದಲೇ, 1969 ರಲ್ಲಿ, ತೊರೆಯ ಶಾಖದ ಜಮಾಖರ್ಚನ್ನು ಲೆಕ್ಕಹಾಕಿ ತೋರಿಸಿದ್ದನು. ಸಣ್ಣ ತೊರೆಯನ್ನು ಬೇಸಗೆಯ ಹಗಲಿನಲ್ಲಿ ಮುಖ್ಯವಾಗಿ ಕಾಯಿಸುವುದು ನೇರವಾದ ಬಿಸಿಲು. ಸುತ್ತಣ ಗಾಳಿಯ ಬಿಸಿಯ ಪಾಲು ಅಲ್ಪ. ಬಿಸಿಲಿಗೆ ತೆರೆದ ನೀರಿನ ಹರವು ಹೆಚ್ಚಿದಷ್ಟೂ ಉಷ್ಣತೆ ಏರುವುದು, ಹರಿಯುವ ನೀರಿನ ಪ್ರಮಾಣ ಹೆಚ್ಚಿದಷ್ಟೂ ಆ ಏರಿಕೆ ತಗ್ಗುವುದು. ಬೇಸಗೆಯಲ್ಲಿ ನೀರು ಕಡಿಮೆ, ಬಿಸಿಲು ಹೆಚ್ಚು. ಆದುದರಿಂದ ಸೂಜಿಯಂಥ ತೊರೆಗೇ ಪೆಟ್ಟು ಹೆಚ್ಚು.

ಮೀನುಗಳ ಲೆಕ್ಕವು ಇಷ್ಟು ಸರಳವಾಗಿರಲಿಲ್ಲ. ಕಟ್‌ಥ್ರೋಟ್ ಎಂಬ ಟ್ರೌಟ್ ಮೀನುಗಳು ಸೂಜಿಗವಲಿನಲ್ಲಿ ಹಿಂದಿನ ಮೂರರಲ್ಲೊಂದು ಪಾಲಿಗೆ ಇಳಿದುವು. ಕೋಹೋ ಜಾತಿಯ ಸಾಮನ್ ಅಷ್ಟಾಗಿ ಕುಗ್ಗಲಿಲ್ಲ. ಸೊಪ್ಪುಸದೆ ಬಿದ್ದು ಕೊಳೆತು ಪ್ರಾಣವಾಯು ಇಳಿದುದೂ ಇದರಲ್ಲಿ ಸೇರಿದೆ. ಅಂತೂ 1971 ರಲ್ಲಿ ಓರೆಗಾನ್ ಸಂಸ್ಥಾನವು ಕಾಡು ಕಡಿಯುವ ರೀತಿಯನ್ನು ನಿಯಮಿಸುವ ಶಾಸನವನ್ನು ಅಂಗೀಕರಿಸಿತು. ಆ ದೇಶದಲ್ಲಿ ಇಂಥದು ಅದೇ ಮೊದಲನೆಯದು. ಆಲ್ಸೀ ತೊರೆಗಳ ಅಂಕಿಗಳು ಅದರ ಹಿಂದೆ ಸಾಕ್ಷಿ ನುಡಿದುವು.

ದಡದ ಮರದ ಮಹಿಮೆ ನಮ್ಮವರಿಗೆ ಹೊಸತಲ್ಲವೆಂದು ಯಾರಾದರೂ ಹೇಳಬಹುದು. ನಿಜ, ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಜಲಾಶಯಗಳ ದಡಕ್ಕೆ ತಕ್ಕ ಮರಗಳೆಂದು ಮತ್ತಿ, ಆಲ, ಮಾವು, ಕದಂಬ, ನೇರಿಳೆ ಮೊದಲಾದುವನ್ನು ಹೆಸರಿಸಿದ್ದಾನೆ. ಆದರೆ ಹೆಸರಿಸುವುದು ಬೇರೆ, ಮರವಿದ್ದ ತೊರೆಯನ್ನೂ ಇಲ್ಲದ ತೊರೆಯನ್ನೂ ಅಕ್ಕಪಕ್ಕದಲ್ಲಿಟ್ಟು ಉಷ್ಣಮಾಪಕ ಹಿಡಿದು ನೋಡುವುದು ಬೇರೆ. ನಮ್ಮ ಗ್ರಂಥಗಳಲ್ಲಿ ಎಲ್ಲವೂ ಮೊದಲೇ ಇದೆಯೆಂದು ತೃಪ್ತಿಪಡುವುದು ನನಗೆ ಸಮ್ಮತವಿಲ್ಲ.

ಆ ನಾಡಿನಲ್ಲಿಯೂ ಈ ಸಿದ್ಧಾಂತಕ್ಕೆ ಪೂರ್ವಪಕ್ಷವಿಲ್ಲದಿರಲಿಲ್ಲ. 1996 ರಲ್ಲಿ, ಹುಲ್ಲುಗಾವಲುಗಳ ವಿಷಯಕ್ಕೆ ಮೀಸಲಾದ ರೇಂಜ್‌ಲ್ಯಾಂಡ್ಸ್ ಎಂಬ ಪತ್ರಿಕೆಯಲ್ಲಿ ಲಾರ್ಸನ್ ಎಂಬ ಹೆಸರಿನ ಇಬ್ಬರು ಶಾಸ್ತ್ರಜ್ಞರು ದಡದ ನೆಳಲಿಗೆ ಇಷ್ಟು ಪ್ರಾಧಾನ್ಯ ಕೊಡುವುದು ಸರಿಯೆ ಎಂದು ಆಕ್ಷೇಪಿಸಿದರು. ಮರುವರ್ಷ ಅದೇ ಪತ್ರಿಕೆಯಲ್ಲಿ ರಾಬರ್ಟ್ ಬೆಷ್ಟ ಎಂಬ ವಿದ್ವಾಂಸರು ನೆಳಲಿನ ಪಕ್ಷವನ್ನು ಹಿಡಿದು ಉತ್ತರ ಕೊಟ್ಟರು. ಈ ಚರ್ಚೆ ಬರಿಯ ಶಾಸ್ತ್ರಾರ್ಥವಲ್ಲ. ನೆಳಲೇ ಮುಖ್ಯವೆಂದಾದರೆ ದನಗಳನ್ನು ಹೊಳೆಯ ದಡದಿಂದ ದೂರವಿಡಬೇಕಾಗುವುದು, ಅಲ್ಲವೆಂದಾದರೆ ಬೇಕಿಲ್ಲ. ಸಾವಿರಾರು ರೈತರ ಬದುಕು ಇದರ ಮೇಲೆ ನಿಂತಿದ್ದಿತು.

ಈ ವಿವಾದದಲ್ಲಿ ಪ್ರತ್ಯಕ್ಷ ಪ್ರಮಾಣವನ್ನು ತಂದವರು ಷೆರ್ರಿ ಜಾನ್ಸನ್ ಎಂಬ ವಿದುಷಿ. ಓರೆಗಾನಿನ ಆಂಡ್ರೂಸ್ ಪ್ರಯೋಗಾರಣ್ಯದಲ್ಲಿ, ಬರಿಯ ಬಂಡೆಯ ಮೇಲೆ ಬಯಲಿನಲ್ಲಿ ಹರಿಯುವ ಒಂದು ತೊರೆಯ 150 ಮೀಟರು ಉದ್ದಕ್ಕೂ ಕಪ್ಪು ಪ್ಲಾಸ್ಟಿಕ್ ಹಾಳೆಯ ಚಪ್ಪರವನ್ನು ಹಾಕಿಸಿದರು. ಮದುವೆಯ ಚಪ್ಪರದಂತೆ ಹಳ್ಳಕ್ಕೂ ಚಪ್ಪರ! ಬಿಸಿಲು ತಪ್ಪಿದೊಡನೆ ದಿನದ ಅತ್ಯಧಿಕ ಉಷ್ಣತೆಯು ನಿಶ್ಚಯವಾಗಿ ಇಳಿಯಿತು. ಆದರೆ ದಿನದ ಕನಿಷ್ಠ ಉಷ್ಣತೆಯಲ್ಲಿಯೂ ಸರಾಸರಿಯಲ್ಲಿಯೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2004 ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಇನ್ನೊಂದು ಸಂಗತಿಯೂ ಇದೆ. ಬಂಡೆಯ ಮೇಲೆ ಹರಿಯುವ ಭಾಗದಲ್ಲಿ ನೀರು ಹಗಲು ಬಹಳ ಕಾದು ಇರುಳು ಬಹಳ ತಣಿಯುತ್ತಿದ್ದಿತು; ಜಲ್ಲಿಯ ಮೂಲಕ ಹಾದು ಬರುವ ಭಾಗದಲ್ಲಿ ಆ ಏರಿಳಿತವೇ ಅಡಗಿಹೋಗುತ್ತಿದ್ದಿತು. ಬೇಸಗೆಯಲ್ಲಿ ಒಣಗಿದ ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲೆ ಕಾಲು ಸುಡುವ ಮರಳು, ಮೊಳದಾಳದಲ್ಲಿ ತಣ್ಣನೆಯ ನೀರು.

ಆದುದರಿಂದ ನೆಳಲು ತೊರೆಯನ್ನು ತಂಪುಮಾಡುವುದೆಂಬ ಮಾತು ಪೂರ್ತಿ ಸರಿಯಲ್ಲ. ನೆಳಲು ಬಿಸಿಲನ್ನು ತಡೆಯುತ್ತದೆ, ಅಷ್ಟೆ. ಆಗಲೇ ಕಾದು ಬಂದ ನೀರಿನ ಶಾಖವನ್ನು ಅದು ಸುಲಭವಾಗಿ ಕಳೆಯಲಾರದು. ನಿಜವಾಗಿ ತಂಪನ್ನು ತರುವುದು ನೆಲದೊಳಗಿನ ನೀರು. ತೊರೆಯ ಪುನರುದ್ಧಾರವೆಂದರೆ ಈ ಎರಡಕ್ಕೂ ಎಡೆಮಾಡಿಕೊಡುವುದು: ಮೇಲೆ ಮರ, ಕೆಳಗೆ ಇಂಗುವುದಕ್ಕೆ ಜಲ್ಲಿ ಬಯಲು.

ಮರದ ದಾರಿಯನ್ನು ಹಿಡಿದವರಲ್ಲಿ ಪ್ರಸಿದ್ಧರಾದವರು ಪೋರ್ಟ್‌ಲೆಂಡ್ ನಗರದ ಪಶ್ಚಿಮಕ್ಕಿರುವ ಟ್ವಾಲಟಿನ್ ನದಿಯವರು. ಅಲ್ಲಿ ಊರುಗಳ ಕೊಳೆನೀರನ್ನು ಶುದ್ಧಿಮಾಡಿ ಹೊಳೆಗೆ ಬಿಡುವ ಕ್ಲೀನ್ ವಾಟರ್ ಸರ್ವಿಸಸ್ ಎಂಬ ಸಾರ್ವಜನಿಕ ಸಂಸ್ಥೆಯುಂಟು. ಶುದ್ಧವಾದರೂ ಆ ನೀರು ಬೆಚ್ಚಗಿರುವುದರಿಂದ ಅದನ್ನು ತಣಿಸಿ ಬಿಡಬೇಕೆಂದು ನಿರ್ಬಂಧ ಬಂದಿತು. ತಣಿಸುವ ಯಂತ್ರಗಳಿಗೆ ಆರು ಕೋಟಿ ಡಾಲರಿಗೆ ಕಡಿಮೆಯಿಲ್ಲದ ವೆಚ್ಚವಾಗುವುದೆಂದು ಅಂದಾಜಾಯಿತು. ಅವು ವಿದ್ಯುಚ್ಛಕ್ತಿಯನ್ನು ನುಂಗುವುದು ಬೇರೆ. 2004 ರಲ್ಲಿ ಸಂಸ್ಥಾನದ ಅಧಿಕಾರಿಗಳು ಆ ಸಂಸ್ಥೆಗೆ ಬೇರೊಂದು ಮಾರ್ಗವನ್ನು ಒಪ್ಪಿಕೊಟ್ಟರು. ರೈತರಿಗೆ ಹಣ ಕೊಟ್ಟು ಉಪನದಿಗಳ ದಡದಲ್ಲಿ ಗಿಡ ನೆಡಿಸುವುದು, ಆ ನೆಳಲು ಎಷ್ಟು ಶಾಖವನ್ನು ತಡೆಯುವುದೆಂದು ಗಣಿಸಿ ತಮ್ಮ ಬಾಬಿಗೆ ಜಮಾ ಹಿಡಿಯುವುದು. ಜೊತೆಗೆ ಮೇಲಣ ಹ್ಯಾಗ್ ಲೇಕ್ ಜಲಾಶಯದಿಂದ ಬೇಸಗೆಯಲ್ಲಿ ನೀರು ಬಿಡಿಸುವುದು. ನೆಟ್ಟ ಗಿಡ ಮರವಾಗಿ ನೆಳಲು ಕೊಡಲು ವರ್ಷಗಳು ಬೇಕಷ್ಟೆ. ಆದಕಾರಣ ಬೇಕಾದುದಕ್ಕೆ ಇಮ್ಮಡಿ ನೆಳಲನ್ನು ನೆಡಬೇಕೆಂದು ಕಟ್ಟುಮಾಡಿದರು. ನೆಳಲನ್ನು ಅಳೆದು ಖಾತೆಗೆ ಹಾಕುವ ಕಾಲವೂ ಬಂದಿತಲ್ಲಾ ಎಂದು ನಗಬಹುದು. ನನಗಾದರೋ ಈ ಇಮ್ಮಡಿ ನಿಯಮದಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ಆದರೂ ಇಂದು ಬಿಸಿನೀರು, ಇಪ್ಪತ್ತು ವರ್ಷಗಳ ಮೇಲೆ ಪೂರ್ಣ ನೆಳಲು ಎಂಬ ವ್ಯವಹಾರದಲ್ಲಿ ನಡುವಣ ಮೀನುಗಳ ಪಾಲಿಗೆ ಸಾಲವೇ ಉಳಿಯುವುದು.

ಇಂಗಿಸುವ ದಾರಿಯನ್ನು ಹಿಡಿದವರು ಪೂರ್ವದ ಜಾನ್ ಡೇ ನದಿಯ ಉಪನದಿಯಾದ ಬ್ರಿಜ್ ಕ್ರೀಕಿನವರು. ಕೊರಕಲಾಗಿ ಇಳಿದುಹೋದ ಈ ಹಳ್ಳದಲ್ಲಿ ಅಳಿದುಳಿದ ಬೀವರುಗಳು ಕಟ್ಟೆ ಕಟ್ಟುತ್ತಿದ್ದುವು. ಮೊದಲ ದೊಡ್ಡ ನೀರಿಗೆ ಅವು ಒಡೆದುಹೋಗುತ್ತಿದ್ದುವು. 2009 ರಿಂದ 2012 ರವರೆಗೆ ಶಾಸ್ತ್ರಜ್ಞರು ತೊರೆಯ ತಳದಲ್ಲಿ ಸಾಲಾಗಿ ಮರದ ಗೂಟಗಳನ್ನು ಹೂಳಿ, ನಡುವೆ ವಿಲ್ಲೋ ಗಿಡದ ಬರಲುಗಳನ್ನು ಬುಟ್ಟಿಯಂತೆ ಹೆಣೆದು, 121 ಕೃತಕ ಕಟ್ಟೆಗಳನ್ನು ನಿಲ್ಲಿಸಿದರು. ಬೀವರುಗಳು ಬಂದು ಅವನ್ನು ಆಧಾರಮಾಡಿಕೊಂಡು ತಮ್ಮ ಕೆಲಸವನ್ನು ಮುಂದುವರಿಸಿದುವು. ಹೋಲಿಕೆಗೆಂದು ಇಟ್ಟುಕೊಂಡ ಇನ್ನೊಂದು ಹಳ್ಳಕ್ಕೆ ಮರ್ಡರರ್ಸ್ ಕ್ರೀಕ್, ಎಂದರೆ ಕೊಲೆಗಡುಕರ ಹಳ್ಳವೆಂದು ಹೆಸರು. ಅದರೊಡನೆ ಹೋಲಿಸಿ ನೋಡಿದಾಗ ಬ್ರಿಜ್ ಕ್ರೀಕಿನಲ್ಲಿ ಸ್ಟೀಲ್‌ಹೆಡ್ ಮೀನಿನ ಮರಿಗಳ ಉತ್ಪತ್ತಿಯು ನೂರಕ್ಕೆ 175 ರಷ್ಟು ಹೆಚ್ಚಿದ್ದಿತೆಂದು 2016 ರಲ್ಲಿ ಪ್ರಕಟಿಸಿದರು.

ನೀರಿನ ಉಷ್ಣತೆಯ ವಿಷಯವನ್ನು ಮರುವರ್ಷ ಬೇರೆಯಾಗಿಯೇ ಬರೆದರು. ನಿಂತ ನೀರು ಬಿಸಿಲಿಗೆ ಕಾಯುವುದರಿಂದ ಕಟ್ಟೆಗಳು ತೊರೆಯನ್ನು ಕೆಡಿಸುವುವೆಂದು ಹಲವರು ಹೆದರಿದ್ದರು. ಆ ಭಯಕ್ಕೆ ಕಾರಣವಿಲ್ಲದಿಲ್ಲ. ಮಡುವಿನ ಮೇಲ್ಪದರವು ಕಾಯುವುದು ಸಹಜ. ಆದರೆ ಕಟ್ಟೆಗಳು ಹೆಚ್ಚಿದ ಭಾಗಗಳನ್ನು ಒಟ್ಟಾಗಿ ನೋಡಿದರೆ ಬೇಸಗೆಯ ಹಗಲಿನ ಏರು ತಗ್ಗಿ, ಹಗಲಿರುಳಿನ ಅಂತರ ಕಿರಿದಾಗಿದ್ದಿತು. ಬಹಳ ನೀರು ಒಂದೆಡೆ ನಿಂತಿರುವುದರಿಂದ ಅದು ಬೇಗ ಕಾಯದು. ಕಟ್ಟೆಯ ಒತ್ತಡದಿಂದ ನೆಲಕ್ಕೆ ಇಳಿದ ನೀರು ಕೆಳಗಡೆ ತಂಪಾಗಿ ಒಸರುವುದು. ಮಡುವಿನ ಆಳದಲ್ಲಿಯೂ ಒಸರುವ ಬಾಯಿಗಳಲ್ಲಿಯೂ ಮೀನುಗಳಿಗೆ ಮಧ್ಯಾಹ್ನದ ಆಶ್ರಯ ದೊರೆಯಿತು.

ಎಲ್ಲ ಪುನರುದ್ಧಾರಗಳೂ ಹೀಗೆ ಫಲಿಸುವುವೆಂದು ಹೇಳಲಾಗದು. ದೊಡ್ಡ ಯಂತ್ರಗಳನ್ನು ತಂದು ಹೊಸ ಪಾತ್ರವನ್ನು ತೋಡುವಾಗ ಹಳೆಯ ದಡದ ಮರಗಳನ್ನು ಕಡಿದರೆ, ಹೊಸ ಗಿಡಗಳು ಬೆಳೆಯುವವರೆಗೆ ತೊರೆಯು ಮೊದಲಿಗಿಂತ ಹೆಚ್ಚು ಕಾಯುವುದು. ನೀರನ್ನು ತೆಳ್ಳಗೆ ಅಗಲವಾಗಿ ಹರಡಿದರೆ ಬ್ರೌನನ ಲೆಕ್ಕವೇ ಎದುರು ನಿಲ್ಲುವುದು. ಒಂದು ಮೈಲಿಯನ್ನು ಸರಿಪಡಿಸಿ, ಮೇಲಣ ಹತ್ತು ಮೈಲಿಯನ್ನು ಬಿಸಿಲಿಗೆ ಬಿಟ್ಟರೆ ಬರುವ ನೀರೇ ಕಾದು ಬರುವುದು. ಇವನ್ನೆಲ್ಲ ಅರಿಯದೆ, ದಡಕ್ಕೆ ಕಲ್ಲು ಕಟ್ಟಿ ನಡೆದಾಡುವ ಹಾದಿ ಮಾಡಿ ತೊರೆಯನ್ನು ಉದ್ಧಾರಮಾಡಿದೆವೆನ್ನುವವರ ಕೆಲಸವನ್ನು ನಾನು ಇಲ್ಲಿ ಗಣಿಸಿಲ್ಲ.

ಸೂಜಿಗವಲಿನ ಮುಂದಣ ವೃತ್ತಾಂತವನ್ನು ಹೇಳುವುದು ಉಳಿದಿದೆ. 1966 ರ ಕಡಿತದ ಅನಂತರ ದಡದಲ್ಲಿ ಕೆಂಪು ಆಲ್ಡರ್ ಮರಗಳು ತಾವಾಗಿ ಎದ್ದು ಕೆಲವು ವರ್ಷಗಳಲ್ಲಿ ತೊರೆಯನ್ನು ಮುಚ್ಚಿದುವು. ನೀರೂ ತಂಪಿನ ಕಡೆಗೆ ತಿರುಗಿತು. ಬೆಟ್ಟದ ಮೇಲೆ ಎರಡನೆಯ ಪೀಳಿಗೆಯ ಕಾಡು ಬೆಳೆಯಿತು. 2009 ರಲ್ಲಿ ಅದರ ಮೇಲ್ಭಾಗವನ್ನು ಮತ್ತೆ ಕಡಿದರು. ಈ ಸಾರಿ ಶಾಸನದ ಪ್ರಕಾರ, ಮೀನಿರುವ ನೀರಿನ ಎರಡು ಕಡೆಯಲ್ಲಿಯೂ ಸುಮಾರು 15 ಮೀಟರು ಅಗಲಕ್ಕೆ ಮರಗಳನ್ನು ಬಿಟ್ಟಿದ್ದರು. ಅದೇ ತೊರೆಯಲ್ಲಿ, ಅದೇ ಫ್ಲಿನ್ ಕ್ರೀಕನ್ನು ಸಾಕ್ಷಿಯಾಗಿಟ್ಟುಕೊಂಡು, ಹೊಸ ತಲೆಮಾರಿನ ಶಾಸ್ತ್ರಜ್ಞರು ಮತ್ತೆ ಅಳೆದರು. 2016 ರಲ್ಲಿ ಅವರು ಬರೆದಂತೆ, ಬೇಸಗೆಯ ಒಟ್ಟು ಅವಧಿಯಲ್ಲಿ ನಿಶ್ಚಯಿಸಿ ಹೇಳಬಹುದಾದ ಏರಿಕೆಯೇ ಇರಲಿಲ್ಲ. ಜುಲೈ 15 ರಿಂದ ಆಗಸ್ಟ್ 15 ರವರೆಗಿನ ಕಡುಬೇಸಗೆಯನ್ನು ಮಾತ್ರ ತೆಗೆದುಕೊಂಡರೆ ಏಳು ದಿನಗಳ ಅತ್ಯಧಿಕದ ಸರಾಸರಿಯು ಸೆಂಟಿಗ್ರೇಡಿನ 0.6 ಡಿಗ್ರಿಯಷ್ಟು ಏರಿದ್ದಿತು.